ಅಮ್ಮನ ಮಂಡಿನೋವಿಗೆ ಯಾವ ಕ್ಯಾಲ್ಸಿಯಂ ಮಾತ್ರೆ ಒಳ್ಳೆಯದು? ರಕ್ತದ ರಿಪೋರ್ಟ್ ನಾರ್ಮಲ್ ಇದೆ

ಮಾತ್ರೆ ಆಮೇಲೆ. ಮೊದಲು ಆ ರಿಪೋರ್ಟ್ ಪಕ್ಕಕ್ಕಿಡಿ. "ಕ್ಯಾಲ್ಸಿಯಂ ಸರಿಯಿದೆ, ಅಂದ್ರೆ ಮೂಳೆ ಗಟ್ಟಿಯಿದೆ ಅಲ್ವಾ" ಅಂತ ಬರೆದಿದ್ದೀರಿ. ನಾನೂ ಹಾಗೇ ನಂಬಿ ಕೈ ಮುರಿದುಕೊಂಡವಳು.

ನಲವತ್ತೊಂದಕ್ಕೆ ಗರ್ಭಕೋಶ ತೆಗೆಸಿದೆ, ಜೊತೆಗೆ ಎರಡೂ ಅಂಡಾಶಯ ಹೋದವು. ಹಾಗಾದಾಗ ಮೂಳೆ ಕಾಯುವ ಈಸ್ಟ್ರೋಜನ್ ಹಾರ್ಮೋನ್ ಒಮ್ಮೆಲೇ ಇಳಿದು ಮೂಳೆ ಬೇಗ ಬೇಗ ಸವೆಯುತ್ತದೆ. ಇದನ್ನು ನನಗೆ ಯಾರೂ ಹೇಳಲಿಲ್ಲ. ಮುಂದೆ ಬೆನ್ನುನೋವು ಅಂತ ಲ್ಯಾಬಿನಲ್ಲಿ ರಕ್ತ ಕೊಟ್ಟೆ. ಕ್ಯಾಲ್ಸಿಯಂ 9.4 ಬಂತು. ಪಕ್ಕದಲ್ಲಿ 8.5ರಿಂದ 10.5 ಅಂತ ಅಚ್ಚಾಗಿತ್ತು. ಆ ಹಾಳೆಯನ್ನು ಬೀರುವಿನಲ್ಲಿ ಜೋಪಾನ ಮಾಡಿ, ಯಾರೇ ಕೇಳಿದರೂ "ನನ್ನ ಮೂಳೆಗೇನು ಧಾಡಿ" ಅನ್ನುತ್ತಿದ್ದೆ. ಆ ಸಂಖ್ಯೆ ರಕ್ತದ್ದು ಕಣ್ರೀ! ಹೃದಯ, ನರ ನಡೆಯಲು ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುವ ಹಾಗಿಲ್ಲ. ಇಳಿದರೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ತೆಗೆಸಿ ತುಂಬಿಸುತ್ತವೆ. ಕಣಜ ಬರಿದಾಗುತ್ತಿದ್ದರೂ ತಟ್ಟೆಯ ಊಟ ಮಾಮೂಲಿ. ನಾನು ತಟ್ಟೆ ನೋಡಿಕೊಂಡು ನೆಮ್ಮದಿಯಾಗಿದ್ದೆ.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಅಂಗೈ ಊರಿದೆ, ಅಷ್ಟೇ. ಮಣಿಕಟ್ಟು ಹಿಂದಕ್ಕೆ ಸೊಟ್ಟಗಾಯಿತು. ಪ್ಲಾಸ್ಟರ್ ಹಾಕಿದ ಡಾಕ್ಟರ್ ಡೆಕ್ಸಾ ಸ್ಕ್ಯಾನ್, ಅಂದ್ರೆ ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಎಕ್ಸ್‌ರೇ, ಮಾಡಿಸಿದರು. ಹರೆಯದವರ ಮೂಳೆಗೆ ಹೋಲಿಸಿ ಕೊಡುವ ಅಂಕ, ಟಿ-ಸ್ಕೋರ್, ಮೈನಸ್ 2.8. ಮೈನಸ್ 2.5 ಮುಟ್ಟಿದರೇ ಆಸ್ಟಿಯೊಪೊರೋಸಿಸ್, ಅಂದ್ರೆ ಮೂಳೆ ಟೊಳ್ಳಾಗುವ ಕಾಯಿಲೆ. ಈಗ ಮೂಳೆ ಸವೆತ ತಡೆಯಲು ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ, ಖಾಲಿ ಹೊಟ್ಟೆಗೆ, ಲೋಟ ತುಂಬ ನೀರಿನ ಜೊತೆ. ನುಂಗಿ ಅರ್ಧ ಗಂಟೆ ಮಲಗುವಂತಿಲ್ಲ, ಕಾಫಿಯೂ ಇಲ್ಲ. ಕಾಫಿಯದ್ದೇ ಸಂಕಟ.

ನಿಮ್ಮ ಅಮ್ಮನ ಮಂಡಿ ಬೇರೆ ವಿಷಯ. ಮೂಳೆ ಟೊಳ್ಳಾಗುವಾಗ ಸಾಮಾನ್ಯವಾಗಿ ನೋವೇ ಇರುವುದಿಲ್ಲ, ಮುರಿದಾಗಲೇ ಗೊತ್ತಾಗುವುದು. ಮುಟ್ಟು ನಿಂತ ವಯಸ್ಸಿನ ಮಂಡಿನೋವು ಹೆಚ್ಚಾಗಿ ಕೀಲು ಸವೆದು ಬರುವಂಥದ್ದು. ಅದಕ್ಕೆ ಯಾವ ಕಂಪನಿಯ ಕ್ಯಾಲ್ಸಿಯಂ ನುಂಗಿದರೂ ಅಷ್ಟೇ. ತೊಡೆ ಗಟ್ಟಿಯಾಗಬೇಕು, ತೂಕ ಜಾಸ್ತಿಯಿದ್ದರೆ ಇಳಿಯಬೇಕು. ಟಿವಿ ನೋಡುವಾಗ ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲು ನೆಟ್ಟಗೆ ಚಾಚಿ ಹಿಡಿಯಲಿ. ಮುಟ್ಟು ನಿಂತಿದೆ ಅಂದಿರಲ್ಲ, ಡಾಕ್ಟರ್ ಹತ್ತಿರ ಡೆಕ್ಸಾ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ.

ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲೇ ಸುಮಾರು 350 ಇದೆ. ಮುದ್ದೆ, ಹಾಲು, ಮೊಸರು ಸಾಲದಿದ್ದರೆ ಮಾತ್ರೆ. ಅಮ್ಮನಿಗೆ ಥೈರಾಯ್ಡ್ ಮಾತ್ರೆ ಇದ್ದರೆ ಇದಕ್ಕೂ ಅದಕ್ಕೂ 4 ಗಂಟೆ ಅಂತರವಿರಲಿ. ಮೆಡಿಕಲ್ ಶಾಪಿನವರು ಕೊಟ್ಟರೆಂದು 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿಯನ್ನು ಸುಮ್ನೆ ವಾರವಾರ ಕುಡಿಸಬೇಡಿ.

ನಿಮಗೆ ಇಪ್ಪತ್ತಾರು ಅಂದಿರಿ. ಮೂಳೆ ತುಂಬಿಕೊಳ್ಳುವುದು ಹೆಚ್ಚುಕಡಿಮೆ ಮೂವತ್ತರವರೆಗೆ. ಅಮ್ಮನ ಜೊತೆ ನೀವೂ ಮುದ್ದೆಗೆ ಕೂತುಕೊಳ್ಳಿ.