ಒಳಗೆ ಬಿದ್ದ ಕಣದಿಂದ ಕಪ್ಪುಕುಳಿ ಸಣ್ಣದಾಗುವುದು ಹೇಗೆ?

ಪ್ರಶ್ನೆ: ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಅಂಚಿನಲ್ಲಿ, ಅಂದರೆ ದಾಟಿದರೆ ಬೆಳಕೂ ಮರಳಿ ಬಾರದ ಗಡಿಯಲ್ಲಿ, ಕಣ ಮತ್ತು ಪ್ರತಿಕಣದ (ವಿರುದ್ಧ ವಿದ್ಯುದಾವೇಶದ ಅವಳಿ ಕಣ) ಜೋಡಿ ಹುಟ್ಟುತ್ತದೆ, ಪ್ರತಿಕಣ ಒಳಗೆ ಬೀಳುತ್ತದೆ, ಕಣ ತಪ್ಪಿಸಿಕೊಳ್ಳುತ್ತದೆ, ಹೀಗೆ ಕಪ್ಪುಕುಳಿ ಕರಗುತ್ತದೆ ಎಂದು ಓದಿದೆ. ಒಳಗೆ ಏನೋ ಬಿತ್ತು ಅಂದಮೇಲೆ ದ್ರವ್ಯರಾಶಿ ಜಾಸ್ತಿ ಆಗಬೇಕು ಅಲ್ವಾ? ಯಾವಾಗಲೂ ಪ್ರತಿಕಣವೇ ಏಕೆ ಬೀಳುತ್ತದೆ?

ಉತ್ತರ: ಅನುಮಾನ ಬರಬೇಕಾದ ಜಾಗದಲ್ಲೇ ನಿಮಗೆ ಅನುಮಾನ ಬಂದಿದೆ. ಕಪ್ಪುಕುಳಿ ವಿಕಿರಣ ಸೂಸುತ್ತದೆ ಎಂದು ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ತೋರಿಸಿದ್ದು 1974ರಲ್ಲಿ. ಜೋಡಿಕಣದ ಈ ಚಿತ್ರವೂ ಅವರದೇ. ಆದರೆ ಇದನ್ನು ಅಕ್ಷರಶಃ ನಂಬಬೇಡಿ ಎಂದು 1975ರ ಪ್ರಬಂಧದಲ್ಲಿ ಅವರೇ ಎಚ್ಚರಿಸಿದ್ದರು. ಚಿತ್ರ ಎಲ್ಲ ಕಡೆ ಹರಡಿತು, ಎಚ್ಚರಿಕೆ ಹಿಂದೆಯೇ ಉಳಿಯಿತು.

ಮೊದಲು ಪ್ರತಿಕಣದ ಮಾತು ಮುಗಿಸೋಣ. ಪ್ರತಿಕಣಕ್ಕೂ ದ್ರವ್ಯರಾಶಿ ಇದೆ, ಕಣಕ್ಕೆ ಇರುವಷ್ಟೇ. ಹೊರಗಿನಿಂದ ಒಂದು ಪಾಸಿಟ್ರಾನ್ (ಎಲೆಕ್ಟ್ರಾನಿನ ಪ್ರತಿಕಣ) ಒಳಗೆ ಬಿದ್ದರೆ ಕಪ್ಪುಕುಳಿ ದಪ್ಪವೇ ಆಗುತ್ತದೆ. ಹಾಗಾಗಿ ಕರಗುವುದಕ್ಕೂ ಪ್ರತಿಕಣಕ್ಕೂ ಸಂಬಂಧವಿಲ್ಲ. ದೊಡ್ಡ ಕಪ್ಪುಕುಳಿಯಿಂದ ಹೊರಡುವುದಂತೂ ಮುಖ್ಯವಾಗಿ ಬೆಳಕು. ಬೆಳಕಿನ ಕಣಕ್ಕೆ ಬೇರೆ ಪ್ರತಿಕಣವೇ ಇಲ್ಲ.

ನಿಜವಾದ ವಿಷಯ ಇರುವುದು ಶಕ್ತಿಯ ಲೆಕ್ಕದಲ್ಲಿ. ಹೊರಗೆ ಹೋದ ಕಣ ಶಕ್ತಿಯನ್ನು ತೆಗೆದುಕೊಂಡು ಹೋಗುತ್ತದೆ. ಆ ಶಕ್ತಿ ಸುಮ್ನೆ ಹುಟ್ಟುವಂತಿಲ್ಲ. ಆದ್ದರಿಂದ ಒಳಗೆ ಹೋದ ಜೊತೆಗಾರನ ಶಕ್ತಿ ಸೊನ್ನೆಗಿಂತ ಕಡಿಮೆ ಇರಲೇಬೇಕು. ಹೊರಗಡೆ ಯಾವ ಕಣವೂ ಹಾಗಿರಲು ಸಾಧ್ಯವಿಲ್ಲ. ಗಡಿ ದಾಟಿದ ಮೇಲೆ ಸಾಧ್ಯ. ಅಲ್ಲಿ ಕಾಲ ಮತ್ತು ದೂರ ಪಾತ್ರ ಬದಲಿಸಿಕೊಳ್ಳುತ್ತವೆ. ದೂರದಲ್ಲಿ ನಿಂತ ನಾವು 'ಶಕ್ತಿ' ಎಂದು ಕರೆಯುವ ಸಂಖ್ಯೆ ಅಲ್ಲಿ ಸಂವೇಗದಂತೆ (ದ್ರವ್ಯರಾಶಿ ಮತ್ತು ವೇಗ ಸೇರಿದ ಚಲನೆಯ ಅಳತೆ) ನಡೆದುಕೊಳ್ಳುತ್ತದೆ. ಸಂವೇಗಕ್ಕೆ ದಿಕ್ಕು ಇದೆಯಲ್ಲ, ಹಾಗಾಗಿ ಅದು ಋಣವೂ ಆಗಬಹುದು. ಋಣಶಕ್ತಿ ಒಳಗೆ ಸೇರಿದಷ್ಟೂ ಕಪ್ಪುಕುಳಿಯ ದ್ರವ್ಯರಾಶಿ ಇಳಿಯುತ್ತದೆ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಇನ್ನೊಂದು ತಿದ್ದುಪಡಿ. ಈ ಕಣಗಳು ಅಂಚಿನ ಮೇಲೆ ಚುಕ್ಕೆಗಳಂತೆ ಹುಟ್ಟುವುದಿಲ್ಲ. ಅವುಗಳ ಅಲೆಯ ಉದ್ದ ಕಪ್ಪುಕುಳಿಯ ಗಾತ್ರದಷ್ಟೇ ಅಥವಾ ಅದಕ್ಕಿಂತ ದೊಡ್ಡದು. ಸುತ್ತಲಿನ ಅಗಲವಾದ ಪ್ರದೇಶವೇ ಸೇರಿ ಅವನ್ನು ಸೂಸುತ್ತದೆ. ಕಪ್ಪುಕುಳಿಯೊಳಗೆ ಬೀಳುತ್ತಿರುವವರಿಗೆ ಖಾಲಿ ಎನಿಸುವ ಜಾಗ, ದೂರದಲ್ಲಿ ನಿಂತವರಿಗೆ ತುಸು ಬೆಚ್ಚಗೆ ಕಾಣುತ್ತದೆ.

ತುಸು ಎಂದರೆ ನಿಜಕ್ಕೂ ತುಸುವೇ. ಸೂರ್ಯನಷ್ಟು ದ್ರವ್ಯರಾಶಿಯ ಕಪ್ಪುಕುಳಿಯ ತಾಪ ಸುಮಾರು 0.00000006 ಕೆಲ್ವಿನ್ (ಸೊನ್ನೆ ಕೆಲ್ವಿನ್ ಎಂದರೆ ಅತಿ ಕಡಿಮೆ ತಾಪ, ಸುಮಾರು -273 ಡಿಗ್ರಿ ಸೆಲ್ಸಿಯಸ್). ಮಹಾಸ್ಫೋಟದ ಕಾಲದಿಂದ ಉಳಿದ ವಿಕಿರಣದ ತಾಪವೇ 2.7 ಕೆಲ್ವಿನ್. ಅಂದರೆ ಅಂಥ ಕಪ್ಪುಕುಳಿ ಈಗ ಕಳೆದುಕೊಳ್ಳುವುದಕ್ಕಿಂತ ನುಂಗುವುದೇ ಜಾಸ್ತಿ. ಈಗಲೇ ಕರಗಬೇಕಾದರೆ ದ್ರವ್ಯರಾಶಿ ಚಂದ್ರನದಕ್ಕಿಂತ ಕಡಿಮೆ ಇರಬೇಕು. ಇನ್ನು ಸೂರ್ಯನಷ್ಟರದು, ಸುತ್ತ ಏನೂ ಇಲ್ಲದಿದ್ದರೂ, ಪೂರ್ತಿ ಕರಗಲು ಬೇಕಾದ ವರ್ಷಗಳನ್ನು ಬರೆಯಲು 1ರ ಮುಂದೆ ಸುಮಾರು 67 ಸೊನ್ನೆ ಹಾಕಬೇಕು.

ಕರಗುತ್ತಾ ಹೋದಂತೆ ಮಾತ್ರ ಆಟವೇ ಬದಲಾಗುತ್ತದೆ. ಕೆಂಡ ಶಾಖ ಕಳೆದುಕೊಂಡರೆ ತಣ್ಣಗಾಗುತ್ತದೆ, ಕಪ್ಪುಕುಳಿ ಇನ್ನೂ ಬಿಸಿಯಾಗುತ್ತದೆ. ದ್ರವ್ಯರಾಶಿ ಅರ್ಧವಾದರೆ ತಾಪ ಎರಡರಷ್ಟಾಗುತ್ತದೆ, ಉಳಿದ ಆಯಸ್ಸು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೊನೆಯ ಒಂದು ಸೆಕೆಂಡಿನಲ್ಲಿ ನೂರಾರು ಟನ್ ದ್ರವ್ಯರಾಶಿ ಪೂರ್ತಿಯಾಗಿ ವಿಕಿರಣವಾಗಿ ಹೊರಬೀಳುತ್ತದೆ.

ವಿಶ್ವ ಹುಟ್ಟಿದ ಹೊಸತರಲ್ಲೇ ಸುಮಾರು 50 ಕೋಟಿ ಟನ್ನಿನ ಪುಟ್ಟ ಕಪ್ಪುಕುಳಿಗಳು ಆಗಿದ್ದರೆ, ಅವುಗಳ ಕೊನೆಯ ಗಳಿಗೆ ಬರಬೇಕಾದ್ದು ನಮ್ಮ ಕಾಲದಲ್ಲೇ. ಗಾತ್ರದಲ್ಲಿ ಅವು ಒಂದು ಪ್ರೋಟಾನಿನಷ್ಟು. ಸಾಯುವಾಗ ಗಾಮಾ ಕಿರಣ ಚಿಮ್ಮಿಸಬೇಕು. 2008ರಲ್ಲಿ ಬಾಹ್ಯಾಕಾಶಕ್ಕೆ ಹಾರಿದ, ಗಾಮಾ ಕಿರಣ ನೋಡುವ ಫರ್ಮಿ ದೂರದರ್ಶಕದ ಮಾಹಿತಿಯಲ್ಲಿ ಅಂಥ ಮಿಂಚನ್ನು ಹುಡುಕಿದ್ದಾರೆ. ಇನ್ನೂ ಒಂದೂ ಸಿಕ್ಕಿಲ್ಲ.