ಏರಿನಲ್ಲಿ ಸೋಲುವ ಕಿಟ್: ಮೋಟಾರ್ ಬದಲಿಸುವ ಮೊದಲು ವೋಲ್ಟೇಜ್ ನೋಡಿ

ನೀವು ಕೇಳಿರುವುದು ಇಷ್ಟು: ಹಳೆಯ ಗೇರ್ ಸೈಕಲ್ಲಿಗೆ 36 ವೋಲ್ಟ್, 250 ವ್ಯಾಟ್‌ನ ಹಿಂಬದಿ ಹಬ್ ಮೋಟಾರ್ (ಚಕ್ರದ ನಡುವೆ ಕೂರುವ ಮೋಟಾರ್) ಕಿಟ್ ಹಾಕಿಸಿ ಎರಡು ವರ್ಷ ಆಗಿದೆ. ಉಡುಪಿಯ ಕಡಿಯಾಳಿ, ಕುಂಜಿಬೆಟ್ಟು ಕಡೆ ಏನೂ ತೊಂದರೆ ಇಲ್ಲ. ಇಂದ್ರಾಳಿ ದಾಟಿ ಮಣಿಪಾಲದ ಏರು ಶುರುವಾದ ಕೂಡಲೇ ಏದುಸಿರು ಬಿಡುತ್ತದೆ. ಒಮ್ಮೊಮ್ಮೆ ಡಿಸ್‌ಪ್ಲೇ ಪೂರ್ತಿ ಆರಿಹೋಗುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಏನೂ ಆಗಿಲ್ಲ ಎಂಬಂತೆ ಮತ್ತೆ ಓಡುತ್ತದೆ. ಅಂಗಡಿಯವರು 500 ವ್ಯಾಟ್ ಮೋಟಾರ್ ಹಾಕಿಸಿ ಎಂದಿದ್ದಾರೆ. ಹಾಕಿಸಬೇಕಾ?

ಬೇಡ. ಈಗಲೇ ಅಂತೂ ಬೇಡವೇ ಬೇಡ.

ನಾನಿರುವುದು ಮಂಗಳೂರಿನಲ್ಲಿ. ನನ್ನ ಸೈಕಲ್ಲಿಗೂ ಇಂಥದ್ದೇ ಕಿಟ್ ಇದೆ. ಪರಿಚಯದವರ ಸೈಕಲ್ಲುಗಳನ್ನೂ ಬಿಚ್ಚಿ ನೋಡುವ ಹವ್ಯಾಸ ಇದೆ. 'ಪವರ್ ಇಲ್ಲ' ಎಂದು ಬಂದವುಗಳಲ್ಲಿ ಮೋಟಾರೇ ಕೆಟ್ಟಿದ್ದು ಬಹಳ ಕಡಿಮೆ. ತೊಂದರೆ ಇರುವುದು ಬ್ಯಾಟರಿಯಲ್ಲಿ, ಇಲ್ಲವೇ ಬ್ಯಾಟರಿಯಿಂದ ಕಂಟ್ರೋಲರ್‌ಗೆ (ಮೋಟಾರಿಗೆ ಕರೆಂಟ್ ಅಳೆದು ಕೊಡುವ ಪೆಟ್ಟಿಗೆ) ಹೋಗುವ ಆ ಒಂದು ಮೊಳ ವಯರಿನಲ್ಲಿ. ನಿಮ್ಮ ಲಕ್ಷಣವೂ ಅದನ್ನೇ ಹೇಳುತ್ತಿದೆ. ಮೋಟಾರ್ ಸೋತರೆ ಡಿಸ್‌ಪ್ಲೇ ಯಾಕೆ ಆರಬೇಕು? ಡಿಸ್‌ಪ್ಲೇ ಆರುತ್ತದೆ ಎಂದರೆ ಕರೆಂಟೇ ನಿಂತುಹೋಗಿದೆ ಎಂದರ್ಥ. ನಿಲ್ಲಿಸಿದ್ದು ಬಹುತೇಕ ಬ್ಯಾಟರಿಯೊಳಗಿನ ಬಿಎಂಎಸ್, ಅಂದರೆ ಸೆಲ್ಲುಗಳನ್ನು ಕಾಯುವ ಬ್ಯಾಟರಿ ಮ್ಯಾನೇಜ್ಮೆಂಟ್ ಸಿಸ್ಟಂ ಎಂಬ ಸರ್ಕ್ಯೂಟ್.

ಅದು ಯಾಕೆ ನಿಲ್ಲಿಸುತ್ತದೆ ಅಂದರೆ, ನಿಮ್ಮ 36 ವೋಲ್ಟ್ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಹತ್ತು ಸೆಲ್ ಗುಂಪುಗಳು ಒಂದರ ಹಿಂದೆ ಒಂದು ಇರುತ್ತವೆ. ಫುಲ್ ಚಾರ್ಜ್ ಆದಾಗ ಒಂದೊಂದು ಗುಂಪು 4.2 ವೋಲ್ಟ್, ಒಟ್ಟು 42. ಸುಮಾರು 30ಕ್ಕೆ ಇಳಿದರೆ ಕಂಟ್ರೋಲರ್ ಸಾಕು ಎನ್ನುತ್ತದೆ. ಆದರೆ ಬಿಎಂಎಸ್ ಒಟ್ಟು ಲೆಕ್ಕವನ್ನಷ್ಟೇ ನೋಡುವುದಿಲ್ಲ, ಒಂದೊಂದು ಗುಂಪನ್ನೂ ಬೇರೆಬೇರೆಯಾಗಿ ನೋಡುತ್ತದೆ. ಹತ್ತರಲ್ಲಿ ಒಂದು ಗುಂಪು ಬಡಕಲಾಗಿದ್ದರೆ, ಏರಿನಲ್ಲಿ ಕರೆಂಟ್ ಎಳೆದಾಗ ಅದೊಂದೇ 2.7, 2.6ಕ್ಕೆ ಕುಸಿಯುತ್ತದೆ. ಉಳಿದ ಒಂಬತ್ತು ಚೆನ್ನಾಗಿಯೇ ಇರುತ್ತವೆ. ಬಿಎಂಎಸ್ ಅಷ್ಟಕ್ಕೇ ಬಾಗಿಲು ಹಾಕುತ್ತದೆ. ಎಳೆತ ನಿಂತ ಮೇಲೆ ಆ ಗುಂಪಿನ ವೋಲ್ಟೇಜ್ ಮತ್ತೆ ಮೇಲೇಳುತ್ತದೆ, ನೀವು ಆನ್ ಮಾಡಿದರೆ ಸೈಕಲ್ ಓಡುತ್ತದೆ. ಡಿಸ್‌ಪ್ಲೇಯಲ್ಲಿ ಮೂರು ಕಡ್ಡಿ ಇರುವಾಗಲೇ ಬಂದ್ ಆಗುವುದರ ಗುಟ್ಟು ಇದೇ.

ಇಂಥ ಬ್ಯಾಟರಿಗೆ 500 ವ್ಯಾಟ್ ಮೋಟಾರ್ ಜೋಡಿಸಿದರೆ ಏನಾಗುತ್ತದೆ ಹೇಳಿ? ಅದು ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ. ಈಗ ಏರಿನ ಅರ್ಧದಲ್ಲಿ ನಿಲ್ಲುವ ಸೈಕಲ್ ಆಗ ಬುಡದಲ್ಲೇ ನಿಲ್ಲುತ್ತದೆ. ದುಡ್ಡು ಕೊಟ್ಟು ಕಾಯಿಲೆ ಜೋರು ಮಾಡಿಕೊಂಡ ಹಾಗೆ. ಇನ್ನೊಂದು ವಿಷಯ, ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ನೋಂದಣಿ ಬೇಡ ಎಂಬ ವಿನಾಯಿತಿ ಇರುವುದು 250 ವ್ಯಾಟ್ ಮತ್ತು ಗಂಟೆಗೆ 25 ಕಿಲೋಮೀಟರ್ ಒಳಗಿನ ಗಾಡಿಗಳಿಗೆ ಮಾತ್ರ. ಅದನ್ನು ದಾಟಿದರೆ ನಂಬರ್ ಪ್ಲೇಟ್, ಲೈಸೆನ್ಸ್, ಇನ್ಶೂರೆನ್ಸ್ ಎಲ್ಲದರ ಪ್ರಶ್ನೆ ಏಳುತ್ತದೆ. ಅಂಗಡಿಯವರು ಇದನ್ನು ಹೇಳಿರಲಿಕ್ಕಿಲ್ಲ, ಅಲ್ವಾ?

ಈಗ ಅಳತೆಗೆ ಬನ್ನಿ. ಮನೆಯಲ್ಲಿ ಸೈಕಲ್ ನಿಲ್ಲಿಸಿಟ್ಟು ವೋಲ್ಟೇಜ್ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸತ್ತ ಬ್ಯಾಟರಿಯೂ ಸುಮ್ನೆ ಕೂತಾಗ 41 ತೋರಿಸುತ್ತದೆ. ನೋಡಬೇಕಾದ್ದು ಏರಿನಲ್ಲಿ, ಥ್ರಾಟಲ್ (ಹ್ಯಾಂಡಲ್ಲಿನ ಆಕ್ಸಿಲರೇಟರ್) ಪೂರ್ತಿ ತಿರುಗಿಸಿರುವಾಗ. ಕೆಲವು ಡಿಸ್‌ಪ್ಲೇಗಳಲ್ಲಿ ಬಟನ್ ಒತ್ತುತ್ತಾ ಹೋದರೆ ಕಡ್ಡಿಗಳ ಬದಲು ವೋಲ್ಟೇಜ್ ಅಂಕಿಯೇ ಬರುತ್ತದೆ. ಮೊದಲು ಅದನ್ನು ಹುಡುಕಿ. ಇಲ್ಲದಿದ್ದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಡಿಜಿಟಲ್ ವೋಲ್ಟ್ ಮೀಟರ್ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ತೆಗೆದುಕೊಳ್ಳುವಾಗ 60 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ತಾಳುತ್ತದಾ ಎಂದು ಕೇಳಿ. 12 ವೋಲ್ಟ್ ಗಾಡಿಗೆಂದು ಮಾಡಿದ್ದು ನಿಮ್ಮ ಬ್ಯಾಟರಿಗೆ ಆಗುವುದಿಲ್ಲ.

ಸಾಧ್ಯವಾದರೆ ಎರಡು ಮೀಟರ್ ಹಾಕಿ. ಒಂದು ಬ್ಯಾಟರಿಯ ಬಾಯಲ್ಲಿ, ಇನ್ನೊಂದು ಕಂಟ್ರೋಲರ್‌ಗೆ ಕರೆಂಟ್ ಒಳಗೆ ಹೋಗುವ ಜಾಗದಲ್ಲಿ. ಫುಲ್ ಚಾರ್ಜ್ ಮಾಡಿ ಹೊರಡಿ. ಜತೆಗೆ ಯಾರನ್ನಾದರೂ ಬೈಕಿನಲ್ಲಿ ಬರಹೇಳಿ, ಮೀಟರನ್ನು ಅವರೇ ನೋಡಲಿ. ಆ ರಸ್ತೆಯಲ್ಲಿ ಬಸ್ಸುಗಳ ನಡುವೆ ನೀವೇ ಕೆಳಗೆ ಬಗ್ಗಿ ಓದಲು ಹೋಗಬೇಡಿ ಮಾರಾಯ್ರೆ.

ಏರಿನಲ್ಲಿ ಎರಡೂ ಮೀಟರ್ ಒಟ್ಟಿಗೆ ಕುಸಿದರೆ ಬ್ಯಾಟರಿಯೇ ಬಡಕಲು. ಬ್ಯಾಟರಿ ಕಡೆಯದು ಗಟ್ಟಿ ನಿಂತು ಕಂಟ್ರೋಲರ್ ಕಡೆಯದು ಮಾತ್ರ ಇಳಿದರೆ, ಕಳ್ಳ ಇರುವುದು ನಡುವಿನ ವಯರ್, ಕನೆಕ್ಟರ್, ಫ್ಯೂಸ್ ಅಥವಾ ಸ್ವಿಚ್‌ನಲ್ಲಿ. ಎರಡೂ ಗಟ್ಟಿ ನಿಂತಿವೆ, ಆದರೂ ಸೈಕಲ್ ಎಳೆಯುತ್ತಿಲ್ಲ ಎಂದಾದರೆ ಮಾತ್ರ ಥ್ರಾಟಲ್, ಕಂಟ್ರೋಲರ್, ಮೋಟಾರ್ ಕಡೆ ತಿರುಗಿ.

ಎಷ್ಟು ಇಳಿದರೆ ಸರಿ? ಇಂಥ ಕಂಟ್ರೋಲರ್‌ಗಳು ಸಾಮಾನ್ಯವಾಗಿ 14, 15 ಆಂಪಿಯರ್‌ವರೆಗೆ ಎಳೆಯುತ್ತವೆ. ಮೂರು ಮೂರು ಸೆಲ್‌ಗಳ ಹತ್ತು ಗುಂಪಿನ ಒಳ್ಳೆಯ ಬ್ಯಾಟರಿ ಅಷ್ಟು ಎಳೆದಾಗ ಎರಡು ಮೂರು ವೋಲ್ಟ್ ಇಳಿಯುವುದು ಸಹಜ. ಐದು ಆರು ವೋಲ್ಟ್ ಬಿದ್ದರೆ ಸೆಲ್‌ಗಳಿಗೆ ವಯಸ್ಸಾಗಿದೆ ಎಂದೇ ಲೆಕ್ಕ. ಅರ್ಧ ಖಾಲಿಯಾದ ಬ್ಯಾಟರಿ 36ರಲ್ಲಿ ಇರುತ್ತದೆ. ಅಲ್ಲಿಂದ ಆರು ಕಳೆದರೆ ನೇರ 30, ಅಂದರೆ ಬಂದ್. ಅದಕ್ಕೇ ಬೆಳಗ್ಗೆ ಫುಲ್ ಚಾರ್ಜ್‌ನಲ್ಲಿ ಹತ್ತಿದ ಏರನ್ನು ಸಂಜೆ ಹತ್ತಲಾಗುವುದಿಲ್ಲ. ನಿಮಗೂ ಹಾಗೇ ಆಗುತ್ತಿದೆಯಾ ಗಮನಿಸಿ. ವೋಲ್ಟೇಜ್ ಇಳಿದಷ್ಟೂ ಮೋಟಾರಿನ ಓಟವೂ ಇಳಿಯುತ್ತದೆ. 42ರಲ್ಲಿ 25 ಕಿಲೋಮೀಟರ್ ವೇಗ ಕೊಡುವ ಮೋಟಾರ್ 33ರಲ್ಲಿ 20ರ ಸುತ್ತ ಬಂದರೆ ಅದು ಕೆಟ್ಟಿದೆ ಎಂದಲ್ಲ.

ಬ್ಯಾಟರಿ ಎಂದು ಖಾತ್ರಿಯಾದರೆ ಮೊದಲು ಖರ್ಚಿಲ್ಲದ ಉಪಾಯ ಮಾಡಿ. ಚಾರ್ಜರ್‌ನ ಹಸಿರು ದೀಪ ಬಂದ ಕೂಡಲೇ ತೆಗೆಯಬೇಡಿ, ಇನ್ನೂ ಕೆಲವು ಗಂಟೆ ಹಾಗೇ ಬಿಡಿ. ಬಹಳಷ್ಟು ಬಿಎಂಎಸ್‌ಗಳು ಗುಂಪುಗಳನ್ನು ಸಮ ಮಾಡುವುದು ಕೊನೆಯ ಹಂತದಲ್ಲಿ, ಅದೂ ಬಹಳ ನಿಧಾನವಾಗಿ. ಹಗಲಲ್ಲಿ, ಮನೆಯಲ್ಲಿ ಎಚ್ಚರವಾಗಿ ಯಾರಾದರೂ ಇರುವಾಗ, ಕೆಲವು ಸಲ ಹೀಗೆ ಮಾಡಿ ನೋಡಿ. ಸುಧಾರಿಸಿದರೆ ಅದೃಷ್ಟ. ಇಲ್ಲದಿದ್ದರೆ ಸೆಲ್‌ಗಳನ್ನೇ ಬದಲಿಸಬೇಕು. ಬಡಕಲು ಗುಂಪನ್ನಷ್ಟೇ ಬದಲಿಸಿ ಉಳಿದದ್ದನ್ನು ಹಾಗೇ ಬಿಡುವ ರಿಪೇರಿ ನನಗೆ ಇಷ್ಟವಿಲ್ಲ. ಹೊಸ ಸೆಲ್ಲೂ ಹಳೆಯ ಸೆಲ್ಲೂ ಸರಿಸಮ ನಡೆಯುವುದಿಲ್ಲ, ಸ್ವಲ್ಪ ದಿನದಲ್ಲಿ ಇನ್ನೊಂದು ಗುಂಪು ಕೈಕೊಡುತ್ತದೆ. ಬಿಎಂಎಸ್ ಬೈಪಾಸ್ ಮಾಡಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಮನೆಗೆ ಬೆಂಕಿ ಬೀಳುವ ಕೆಲಸ ಅದು. ಬ್ಯಾಟರಿಯನ್ನು ನೀವೇ ಬಿಚ್ಚಲೂ ಹೋಗಬೇಡಿ.

ಕನೆಕ್ಟರ್ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ಕರಾವಳಿಯ ಕಾಯಿಲೆ. ಉಪ್ಪು ಗಾಳಿ, ಸೆಕೆ, ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ತುಳುವರ ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್ ಹೊತ್ತಿಗೆ) ಬಟ್ಟೆಯೇ ಒಣಗುವುದಿಲ್ಲ, ಇನ್ನು ಸೀಟಿನ ಕೆಳಗಿನ ಪ್ಲಗ್ ಒಣಗುತ್ತದಾ? ತಾಮ್ರ, ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಹೊರಗಿಂದ ನೋಡಿದರೆ ಪ್ಲಗ್ ಗಟ್ಟಿಯಾಗಿಯೇ ಕೂತಿರುತ್ತದೆ. ಒಳಗೆ 0.2 ಓಮ್ ತಡೆ ಬಂದರೂ ಸಾಕು, 15 ಆಂಪಿಯರ್ ಹರಿಯುವಾಗ ಮೂರು ವೋಲ್ಟ್ ಅಲ್ಲೇ ಮಾಯ. ಜತೆಗೆ 45 ವ್ಯಾಟ್ ಶಾಖ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟಿನದು, ಯೋಚನೆ ಮಾಡಿ. ಮಂಗಳೂರಿನ ಕದ್ರಿ ಕಂಬಳ ಎಂಬ ಕಡೆ ಇರುವ ಪರಿಚಯದವರೊಬ್ಬರು ಸೈಕಲ್ ಕದ್ರಿ ಗುಡ್ಡೆ ಹತ್ತುವುದಿಲ್ಲ ಎಂದು ಹೊಸ ಬ್ಯಾಟರಿಗೆ ಅಡ್ವಾನ್ಸ್ ಕೊಡಲು ಹೊರಟಿದ್ದರು. ಪ್ಲಗ್ ಬಿಚ್ಚಿದರೆ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಎರಡೂ ಕಡೆ ಹೊಸ ಎಕ್ಸ್‌ಟಿ60 ಕನೆಕ್ಟರ್ ಹಾಕಿದ ಮೇಲೆ ಅದೇ ಬ್ಯಾಟರಿ ಅದೇ ಗುಡ್ಡೆ ಹತ್ತಿತು.

ಹಾಗಾಗಿ ಮೀಟರ್ ಇಲ್ಲದಿದ್ದರೂ ಮಾಡಬಹುದಾದ ಒಂದು ಪರೀಕ್ಷೆ: ಏರು ಹತ್ತಿದ ಕೂಡಲೇ ನಿಲ್ಲಿಸಿ, ಸ್ವಿಚ್ ಆಫ್ ಮಾಡಿ, ಬ್ಯಾಟರಿ ಕನೆಕ್ಟರನ್ನು ಹೊರಗಿಂದ ಮುಟ್ಟಿ ನೋಡಿ. ಬಿಸಿ ಇದ್ದರೆ ಅಲ್ಲೇ ತೊಂದರೆ. ಕಿಲುಬನ್ನು ಪಾಲಿಷ್ ಪೇಪರಿನಲ್ಲಿ ಉಜ್ಜಿ ದಿನ ತಳ್ಳಬೇಡಿ, ಹೊಳಪಿನ ಲೇಪ ಹೋದರೆ ಮುಂದಿನ ಮಳೆಗೆ ಇನ್ನೂ ಬೇಗ ಹಿಡಿಯುತ್ತದೆ. ಕತ್ತರಿಸಿ ಹೊಸದು ಹಾಕಿಸಿ. ವಯರಿನ ಒಳಗೂ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು, ಇಲ್ಲದಿದ್ದರೆ ಸೋಲ್ಡರ್ ಹಿಡಿಯುವುದಿಲ್ಲ. ಬ್ಯಾಟರಿ ಕಡೆಯ ಎರಡು ವಯರ್‌ಗಳನ್ನು ಒಟ್ಟಿಗೆ ಕತ್ತರಿಸಬೇಡಿ, ಕತ್ತರಿಯೇ ಶಾರ್ಟ್ ಮಾಡುತ್ತದೆ. ಒಂದನ್ನು ಮುಗಿಸಿ ಟೇಪ್ ಸುತ್ತಿ, ಆಮೇಲೆ ಇನ್ನೊಂದು. ಕೊನೆಗೆ ಪಿನ್ನಿಗೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ವಯರ್ ಪ್ಲಗ್ಗಿನ ಕೆಳಗೆ ಒಂದು ಸುತ್ತು ಜೋತಾಡಲಿ, ನೀರು ಪ್ಲಗ್ಗಿಗೆ ಹೋಗದೆ ಅಲ್ಲಿಂದ ತೊಟ್ಟಿಕ್ಕುತ್ತದೆ. ಮೋಟಾರ್ ಆಕ್ಸಲ್ ಒಳಗೆ ಹೋಗುವ ವಯರಿಗೂ ಇದೇ ಮಾತು.

ಇಷ್ಟಾದರೂ ಎರಡು ಮೀಟರೂ ಗಟ್ಟಿಯಾಗಿವೆ ಎಂದಿಟ್ಟುಕೊಳ್ಳಿ. ಆಗ ಥ್ರಾಟಲ್. ಅದರ ಮೂರು ವಯರ್‌ಗಳಲ್ಲಿ ಕೆಂಪು ಕಪ್ಪಿನ ನಡುವೆ 5 ವೋಲ್ಟ್ ಆಸುಪಾಸು ಇರಬೇಕು. ಸಿಗ್ನಲ್ ವಯರಿನಲ್ಲಿ ಸುಮ್ಮನಿರುವಾಗ 0.8ರಿಂದ 1, ಪೂರ್ತಿ ತಿರುಗಿಸಿದಾಗ 3.6ಕ್ಕಿಂತ ಮೇಲೆ. ಎರಡೂವರೆಗೇ ನಿಂತರೆ ಕಂಟ್ರೋಲರ್ ನೀವು ಅರ್ಧ ಮಾತ್ರ ಕೇಳುತ್ತಿದ್ದೀರಿ ಎಂದುಕೊಳ್ಳುತ್ತದೆ. ಬ್ರೇಕ್ ಲಿವರ್‌ನ ಕಟ್ ಆಫ್ ಸ್ವಿಚ್ ಪೂರ್ತಿ ಹಿಂದೆ ಬರದಿದ್ದರೂ ಮೋಟಾರ್ ಬಿಟ್ಟು ಬಿಟ್ಟು ಎಳೆಯುತ್ತದೆ. ಅದರ ಪ್ಲಗ್ ತೆಗೆದು ಪರೀಕ್ಷಿಸಿ, ಮತ್ತೆ ಹಾಕಲು ಮರೆಯಬೇಡಿ. ಕೆಲವು ಕಂಟ್ರೋಲರ್‌ಗಳಲ್ಲಿ ವೇಗ ಮಿತಿಗೆಂದೇ ಎರಡು ಒಂಟಿ ವಯರ್ ಇರುತ್ತವೆ, ಅವನ್ನು ಯಾರಾದರೂ ಕೂಡಿಸಿಟ್ಟಿದ್ದಾರಾ ನೋಡಿ. ಟೈರ್ ಗಾಳಿ, ಡಿಸ್ಕಿಗೆ ತಾಗುವ ಬ್ರೇಕ್ ಪ್ಯಾಡ್, ಇವು ಹೇಳಬೇಕಾದ್ದೇ ಇಲ್ಲ.

ಮೋಟಾರನ್ನು ಪರೀಕ್ಷಿಸುವುದು ಸುಲಭ. ಕಂಟ್ರೋಲರ್‌ನಿಂದ ಅದರ ಪ್ಲಗ್ ತೆಗೆದು ಚಕ್ರವನ್ನು ಹಿಂದಕ್ಕೆ ತಿರುಗಿಸಿ. ಗೇರ್ ಇರುವ ಹಬ್ಬಿನಲ್ಲಿ ಮುಂದಕ್ಕೆ ತಿರುಗಿಸಿದರೆ ಒಳಗಿನ ಮೋಟಾರ್ ತಿರುಗುವುದೇ ಇಲ್ಲ. ಮೂರು ದಪ್ಪ ವಯರ್‌ಗಳಲ್ಲಿ ಎರಡೆರಡನ್ನು ತಾಗಿಸಿ ತಿರುಗಿಸಿದಾಗ ಮೂರು ಜೋಡಿಗೂ ಒಂದೇ ಥರ ಕಟಕಟ ತಡೆ ಬರಬೇಕು. ಒಂದು ಜೋಡಿಗೆ ಬೇರೆ ಥರ ಬಂದರೆ ಸುರುಳಿಯಲ್ಲೋ ವಯರಿನಲ್ಲೋ ತೊಂದರೆ. ಮೋಟಾರ್ ಕಿರುಚುತ್ತದೆ ಆದರೆ ಚಕ್ರ ಎಳೆಯುವುದಿಲ್ಲ ಎಂದರೆ ಒಳಗಿನ ನೈಲಾನ್ ಗೇರ್ ಅಥವಾ ಕ್ಲಚ್ ಸವೆದಿದೆ. ಗೇರ್ ಬೇರೆಯಾಗಿಯೂ ಸಿಗುತ್ತದೆ.

ಎಲ್ಲವೂ ಸರಿ ಇದ್ದಾಗಲೂ ಈ ಕಿಟ್‌ನಿಂದ ಎಷ್ಟು ನಿರೀಕ್ಷಿಸಬಹುದು ಎಂಬ ಲೆಕ್ಕವೂ ಬೇಕಲ್ಲ. ನೀವೂ ಸೈಕಲ್ಲೂ ಸೇರಿ 100 ಕಿಲೋ. 100 ಮೀಟರ್‌ಗೆ 6 ಮೀಟರ್ ಏರುವ ರಸ್ತೆ. ಗಂಟೆಗೆ 15 ಕಿಲೋಮೀಟರ್‌ನಂತೆ ಹತ್ತಲು ಎತ್ತರಕ್ಕೆ ಸುಮಾರು 245 ವ್ಯಾಟ್, ಟೈರ್ ಮತ್ತು ಗಾಳಿಗೆ ಇನ್ನೊಂದು 65. ಒಟ್ಟು 310. 20ರಲ್ಲಿ ಹತ್ತಬೇಕಾದರೆ 440ರ ಹತ್ತಿರ. ಒಳ್ಳೆಯ ಬ್ಯಾಟರಿ ಇದ್ದರೆ ನಿಮ್ಮ ಕಿಟ್ ಸ್ವಲ್ಪ ಹೊತ್ತಿನ ಮಟ್ಟಿಗೆ 400ರ ಸುತ್ತ ಕೊಡಬಲ್ಲದು. ಯಾಕೆಂದರೆ 36 ವೋಲ್ಟ್, 15 ಆಂಪಿಯರ್ ಅಂದರೆ 540 ವ್ಯಾಟ್, ಅದರಲ್ಲಿ ಕಾಲು ಭಾಗ ಶಾಖವಾಗಿ ಹೋಗುತ್ತದೆ. ಅಂದರೆ 15ರಲ್ಲಿ ಆರಾಮ, 20ಕ್ಕೆ ನಿಮ್ಮ ಕಾಲೂ ಸೇರಬೇಕು. ಸಣ್ಣ ಗೇರಿಗೆ ಹಾಕಿ ಮೊದಲಿನಿಂದಲೇ ಪೆಡಲ್ ಮಾಡಿ. ಥ್ರಾಟಲ್ ಒಂದನ್ನೇ ನಂಬಿ ಎಂಟು ಕಿಲೋಮೀಟರ್ ವೇಗದಲ್ಲಿ ತೆವಳಿದರೆ ಕರೆಂಟಿನ ಬಹುಪಾಲು ಶಾಖವಾಗಿ ಮೋಟಾರನ್ನೇ ಸುಡುತ್ತದೆ.

ಮತ್ತೆ, 36ರ ಕಂಟ್ರೋಲರ್‌ಗೆ 48 ವೋಲ್ಟ್ ಬ್ಯಾಟರಿ ಕೊಟ್ಟರೆ ಹಾರುತ್ತದೆ ಎನ್ನುವವರು ಸಿಗುತ್ತಾರೆ. 48ರ ಬ್ಯಾಟರಿ ಫುಲ್ ಆದಾಗ 54.6 ವೋಲ್ಟ್ ಇರುತ್ತದೆ. ಕಂಟ್ರೋಲರ್ ಮೇಲೆ 36 ಎಂದಷ್ಟೇ ಬರೆದಿದ್ದರೆ ಆ ಪ್ರಯೋಗ ಬೇಡ.

ಅಳತೆ ಆದ ಮೇಲೆ ಇಷ್ಟು ಬರೆಯಿರಿ: ಹೊರಡುವಾಗಿನ ವೋಲ್ಟೇಜ್, ಏರಿನ ನಡುವೆ ಎರಡು ಮೀಟರಿನ ಅಂಕಿ, ಕಂಟ್ರೋಲರ್ ಮೇಲೆ ಬರೆದಿರುವ ಆಂಪಿಯರ್, ಬ್ಯಾಟರಿಯ ಆಂಪಿಯರ್ ಅವರ್. ಡಿಸ್‌ಪ್ಲೇ ಆರಿದ ಗಳಿಗೆಯಲ್ಲಿ ಬ್ಯಾಟರಿ ಕಡೆಯ ಮೀಟರ್ ಸೊನ್ನೆಗೆ ಬಿತ್ತಾ, ಇಲ್ಲ ಅದೊಂದು ಮಾತ್ರ ಉರಿಯುತ್ತಾ ಉಳಿಯಿತಾ ಎಂಬುದನ್ನೂ ಹೇಳಿ. ಉಳಿದಿದ್ದರೆ ನಾನು ಬಿಎಂಎಸ್ ಮೇಲೆ ಹೊರಿಸಿದ ಆರೋಪ ಹಿಂದೆ ತೆಗೆದುಕೊಂಡು ಪ್ಲಗ್ಗಿನ ಕಡೆ ಕೈ ತೋರಿಸುತ್ತೇನೆ.