ಹಳೆಯ ಚುಚ್ಚುಮದ್ದು ಕಾಯುತ್ತದೆಯೇ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಐದಾರು ವರ್ಷಗಳ ಹಿಂದೆ ಮಂಗನ ಕಾಯಿಲೆಯ ಚುಚ್ಚುಮದ್ದು ಹಾಕಿಸಿಕೊಂಡಿದ್ದೆ. ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರಲು ಧೈರ್ಯವಾಗಿ ಬೆಟ್ಟಕ್ಕೆ ಹೋಗಬಹುದೇ?

ಉತ್ತರ: ಆ ಚುಚ್ಚುಮದ್ದನ್ನು ನಂಬಬೇಡಿ. ಅದರ ರಕ್ಷಣೆ ಬಹಳ ಕಾಲ ಉಳಿಯುವುದಿಲ್ಲ, ಕೊಡುವುದನ್ನೇ ನಿಲ್ಲಿಸಲಾಗಿದೆ. ಹೊಸದು ಇನ್ನೂ ಪರೀಕ್ಷೆಯ ಹಂತದಲ್ಲಿದೆ. 1957ರಲ್ಲೇ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ; ಇಷ್ಟು ಕಾಯಿಸಿದ್ದಕ್ಕೆ ನನಗೂ ಸಿಟ್ಟಿದೆ. ಮಂಗನಿಗಿಂತ ಉಣುಗಿಗೆ, ಅಂದರೆ ರಕ್ತ ಹೀರುವ ಉಣ್ಣೆಗೆ ಹೆದರಿ; ರೋಗ ಅಂಟುವುದು ಅದು ಕಚ್ಚಿದಾಗ. ಮರಿ ಉಣುಗು ಎಳ್ಳಿಗಿಂತ ಚಿಕ್ಕದು, ಬೇಸಿಗೆಯಲ್ಲಿ ನಿಮ್ಮ ದರಗಿನಲ್ಲೇ ಕುಳಿತಿರುತ್ತದೆ. ಹೋಗಲೇಬೇಕೆಂದರೆ ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗನ್ನು ದೂರವಿಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಸವರಿಕೊಳ್ಳಿ. ಮರಳಿದ ಕೂಡಲೇ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಜ್ವರ ಬಂದರೆ ಆಸ್ಪಿರಿನ್ ನುಂಗಬೇಡಿ, ರಕ್ತಸ್ರಾವ ಹೆಚ್ಚೀತು. ಬೆಟ್ಟಕ್ಕೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.